ಹೆಸರಿಟ್ಟು ಆಡುವ ಮಾತು

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೊಯಮತ್ತೂರಿನ ಉದ್ಯಮಿಗಳ ಜೊತೆ ಸಭೆ ನಡೆಸಿದರು. ಅಲ್ಲಿನ ಅನ್ನಪೂರ್ಣ ಹೋಟೆಲ್ ಸಮೂಹದ ಮಾಲೀಕರು ಎದ್ದು ನಿಂತು ತಮ್ಮ ಕಷ್ಟ ಹೇಳಿದರು. ಬರೀ ಬನ್ನಿಗೆ ಜಿಎಸ್‌ಟಿ ಇಲ್ಲ, ಒಳಗೆ ಕ್ರೀಮ್ ಹಚ್ಚಿದರೆ ಶೇ 18. ಕ್ರೀಮು ಬೇರೆ, ಬನ್ನು ಬೇರೆ ಕೊಡಿ, ನಾವೇ ಹಚ್ಚಿಕೊಳ್ಳುತ್ತೇವೆ ಎಂದು ಗಿರಾಕಿಗಳು ಕೇಳುತ್ತಾರೆ. ಸಿಹಿಗೊಂದು ದರ, ಖಾರಕ್ಕೊಂದು ದರ. ಒಂದೇ ಕುಟುಂಬ ಬಂದು ಊಟ ಮಾಡಿ ಎದ್ದರೆ ಬಿಲ್ಲು ಹಾಕಲು ಕಂಪ್ಯೂಟರೇ ತಡವರಿಸುತ್ತದೆ ಎಂದರು. ಸಭೆ ನಕ್ಕಿತು, ವಿಡಿಯೊ ದೇಶವೆಲ್ಲ ಓಡಾಡಿತು. ಬೆನ್ನಿಗೇ ಅದೇ ಮಾಲೀಕರು ಸಚಿವೆಯನ್ನು ಖಾಸಗಿಯಾಗಿ ಕಂಡು ಕ್ಷಮೆ ಕೇಳುತ್ತಿರುವ ಇನ್ನೊಂದು ವಿಡಿಯೊ ಹೊರಬಿತ್ತು. ತಮ್ಮ ಪಕ್ಷದವರು ಅದನ್ನು ಹೊರಬಿಟ್ಟಿದ್ದಕ್ಕಾಗಿ ತಮಿಳುನಾಡಿನ ಆಗಿನ ಬಿಜೆಪಿ ಅಧ್ಯಕ್ಷ ಅಣ್ಣಾಮಲೈ ಆ ಹೋಟೆಲ್ ಮಾಲೀಕರ ಕ್ಷಮೆ ಕೇಳಬೇಕಾಯಿತು.

ಒಂದು ವರ್ಷದ ಬಳಿಕ, 2025ರ ಸೆಪ್ಟೆಂಬರ್ 22ರಿಂದ, ಜಿಎಸ್‌ಟಿಯ ಶೇ 12 ಮತ್ತು 28ರ ಹಂತಗಳು ಹೋಗಿ ಬಹುಪಾಲು ಸರಕುಗಳು ಶೇ 5 ಮತ್ತು 18ರ ಎರಡೇ ಹಂತಕ್ಕೆ ಬಂದವು. ಕೇಕು, ಪೇಸ್ಟ್ರಿ, ಬಿಸ್ಕತ್ತುಗಳ ಮೇಲಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು. ಆ ಬದಲಾವಣೆ ಒಬ್ಬರ ಮಾತಿನಿಂದ ಆದದ್ದಲ್ಲ. ದರಗಳ ಗೋಜಲಿನ ಬಗ್ಗೆ ವರ್ಷಗಳಿಂದ ದೂರುಗಳಿದ್ದವು. ಆದರೂ ಆ ಮಾತು ಸರಿಯಾಗಿತ್ತು, ಸರಿಯಾದ ಜಾಗದಲ್ಲಿ ಆಡಿದ್ದಾಗಿತ್ತು, ಯಾರನ್ನೂ ನೋಯಿಸುವಂತಿರಲಿಲ್ಲ. ಅಂಥ ಮಾತಿಗೂ ಕ್ಷಮೆ ಕೇಳಬೇಕಾಗಿ ಬಂದದ್ದು ನಮ್ಮ ಸಾರ್ವಜನಿಕ ಬದುಕಿನ ಒಂದು ದೊಡ್ಡ ಕೊರತೆಯನ್ನು ತೋರಿಸುತ್ತದೆ.

ತನ್ನ ಕಸುಬನ್ನು ಮುಟ್ಟುವ ಕಾನೂನು, ತೆರಿಗೆ, ನಿಯಮಗಳ ಬಗ್ಗೆ ಉದ್ಯಮಿ ಮಾತಾಡಬೇಕೇ? ಮಾತಾಡಬೇಕಾದರೆ ಎಲ್ಲಿ, ಹೇಗೆ, ಯಾರ ಪರವಾಗಿ? ಇದಕ್ಕೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ವ್ಯಾಪಾರಿಗೆ ರಾಜಕೀಯವೇಕೆ, ಅಂಗಡಿ ನೋಡಿಕೊಳ್ಳಲಿ ಎನ್ನುವವರು ಕೆಲವರು. ಸಂಪತ್ತು ಸೃಷ್ಟಿಸುವವರ ಮಾತನ್ನೇ ಸರ್ಕಾರ ಮೊದಲು ಕೇಳಬೇಕು ಎನ್ನುವವರು ಇನ್ನು ಕೆಲವರು. ಎರಡನ್ನೂ ನಾನು ಒಪ್ಪಲಾರೆ. ಉದ್ಯಮಿಗಳು ಸರ್ಕಾರದ ಜೊತೆ ಎಂದೂ ಮಾತು ಬಿಟ್ಟವರಲ್ಲ. ಆ ಮಾತು ಎಲ್ಲರಿಗೂ ಕೇಳುವಂತೆ, ಹೆಸರು ಮತ್ತು ಲೆಕ್ಕದ ಸಮೇತ ದಾಖಲೆಗೆ ಬರುತ್ತದೆಯೇ, ಇಲ್ಲ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮುಗಿಯುತ್ತದೆಯೇ ಎಂಬುದರ ಮೇಲೆ ಅದರ ಗುಣ ನಿಂತಿದೆ.

ಈ ದೇಶದಲ್ಲಿ ಹಾಗೆ ಹೆಸರಿಟ್ಟು ಆಡಿದ ಮಾತಿಗೆ ದೊಡ್ಡ ಉದಾಹರಣೆ 1944ರ ಬಾಂಬೆ ಪ್ಲಾನ್. ಜೆ.ಆರ್.ಡಿ. ಟಾಟಾ, ಘನಶ್ಯಾಮದಾಸ್ ಬಿರ್ಲಾ, ಪುರುಷೋತ್ತಮದಾಸ್ ಠಾಕೂರ್‌ದಾಸ್, ಲಾಲಾ ಶ್ರೀರಾಮ್, ಕಸ್ತೂರ್‌ಭಾಯಿ ಲಾಲ್‌ಭಾಯಿ, ಅರ್ದೇಶಿರ್ ದಲಾಲ್, ಎ.ಡಿ. ಶ್ರಾಫ್, ಜಾನ್ ಮಥಾಯಿ ಈ ಎಂಟು ಜನ ಸೇರಿ, ಸ್ವಾತಂತ್ರ್ಯ ಬಂದ ಮೇಲೆ ದೇಶದ ಆರ್ಥಿಕತೆ ಹೇಗಿರಬೇಕೆಂದು ಒಂದು ಯೋಜನೆ ಬರೆದರು. 15 ವರ್ಷ, 10,000 ಕೋಟಿ ರೂಪಾಯಿ ಹೂಡಿಕೆ, ತಲಾ ಆದಾಯ ಎರಡು ಪಟ್ಟು ಎಂಬುದು ಗುರಿ. ಗಿರಣಿ, ಉಕ್ಕು, ಸಕ್ಕರೆ, ಜವಳಿಯ ಒಡೆಯರು ಬರೆದ ಈ ಯೋಜನೆ ತೆರಿಗೆ ಕಡಿಮೆ ಮಾಡಿ, ನಮ್ಮನ್ನು ನಮ್ಮ ಪಾಡಿಗೆ ಬಿಡಿ ಎಂದು ಕೇಳಲಿಲ್ಲ. ಮೂಲ ಉದ್ಯಮಗಳಲ್ಲಿ ಸರ್ಕಾರ ಮುಂದೆ ನಿಲ್ಲಬೇಕು, ಖಾಸಗಿ ಉದ್ಯಮದ ಮೇಲೆ ಸರ್ಕಾರದ ಹತೋಟಿ ಇರಬೇಕು, ಶಿಕ್ಷಣ, ಆರೋಗ್ಯ, ವಸತಿಗೆ ಹಣ ತೆಗೆದಿಡಬೇಕು ಎಂದಿತು. ತಮ್ಮ ಕೈ ಕಟ್ಟುವ ನಿಯಮಗಳಿಗೂ ಅವರು ಸಹಿ ಹಾಕಿದ್ದರು.

ಅದರಲ್ಲಿ ಅವರ ಸ್ವಾರ್ಥವಿರಲಿಲ್ಲವೆಂದಲ್ಲ. ವಿದೇಶಿ ಬಂಡವಾಳದಿಂದ ರಕ್ಷಣೆ ಬೇಕಿತ್ತು; ದೊಡ್ಡ ಅಣೆಕಟ್ಟು, ರೈಲು, ವಿದ್ಯುತ್ತಿಗೆ ಬೇಕಾದಷ್ಟು ಹಣ ಖಾಸಗಿಯವರಲ್ಲಿರಲಿಲ್ಲ, ಅದನ್ನು ಸರ್ಕಾರವೇ ಹಾಕಲಿ ಎಂಬ ಲೆಕ್ಕವೂ ಇತ್ತು. ಎಡಪಂಥೀಯರು ಇದನ್ನು ಬಂಡವಾಳಗಾರರ ಯೋಜನೆ ಎಂದು ಟೀಕಿಸಿದರು, ಅರ್ಥಶಾಸ್ತ್ರಜ್ಞರು ಹಣ ಎಲ್ಲಿಂದ ಬರುತ್ತದೆಂದು ಪ್ರಶ್ನಿಸಿದರು. ಪುಸ್ತಕ ಅಚ್ಚಾಗಿತ್ತು, ಲೇಖಕರ ಹೆಸರು ಮೇಲಿತ್ತು, ಅಂಕಿಗಳು ಒಳಗಿದ್ದವು. ಟೀಕಿಸುವವರಿಗೆ ಹಿಡಿಯಲು ಏನಾದರೂ ಸಿಕ್ಕಿತು. ಮುಂದೆ ಅದೇ ಗುಂಪಿನ ಮಥಾಯಿ ಸ್ವತಂತ್ರ ಭಾರತದ ಹಣಕಾಸು ಸಚಿವರಾದರು. ಅದೇ ಗುಂಪಿನ ಶ್ರಾಫ್ ಸರ್ಕಾರದ ಹತೋಟಿ ಅತಿಯಾಯಿತೆಂದು 1956ರಲ್ಲಿ ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್ ಕಟ್ಟಿ ವಿರೋಧಕ್ಕೆ ನಿಂತರು. ಹಿಂದೆ ಏನಂದಿದ್ದರು, ಈಗ ಏನನ್ನುತ್ತಾರೆ ಎಂದು ಯಾರು ಬೇಕಾದರೂ ತಾಳೆ ನೋಡಬಹುದಿತ್ತು.

ಜೆ.ಆರ್.ಡಿ. ಟಾಟಾ ಅವರದು ಇನ್ನೂ ಕಠಿಣ ಪರೀಕ್ಷೆ. ತಾವೇ ಕಟ್ಟಿದ ವಿಮಾನ ಸಂಸ್ಥೆಯನ್ನು ಸರ್ಕಾರ ವಶಪಡಿಸಿಕೊಳ್ಳಲು ಹೊರಟಾಗ ಅವರು ನೆಹರೂ ಸರ್ಕಾರಕ್ಕೆ ತಮ್ಮ ವಿರೋಧವನ್ನು ಸ್ಪಷ್ಟವಾಗಿ ತಿಳಿಸಿದರು. 1953ರಲ್ಲಿ ರಾಷ್ಟ್ರೀಕರಣ ನಡೆದೇ ನಡೆಯಿತು. ಆಮೇಲೆ ಅದೇ ಸರ್ಕಾರ ಕೇಳಿದಾಗ ಏರ್ ಇಂಡಿಯಾದ ಅಧ್ಯಕ್ಷರಾಗಿ 1978ರವರೆಗೂ ದುಡಿದರು. ವಿರೋಧವನ್ನು ಬಾಯಿಬಿಟ್ಟು ಹೇಳಿದರು, ನಿರ್ಧಾರವಾದ ಮೇಲೆ ಆ ಸಂಸ್ಥೆಯನ್ನು ನಡೆಸಲು ಹೆಗಲು ಕೊಟ್ಟರು. ‘ರಚನಾತ್ಮಕ’ ಎಂಬ ಸವೆದ ಮಾತಿಗೆ ಇಲ್ಲಿ ನಿಜವಾದ ತೂಕವಿದೆ.

ಮೈಸೂರು ಸಂಸ್ಥಾನದಲ್ಲಿ ಉದ್ಯಮಿಗಳ ಮಾತಿಗೆ ಜಾಗ ಮಾಡಿಕೊಡುವ ಕೆಲಸ ಇನ್ನೂ ಮೊದಲೇ ಶುರುವಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಇಂದಿನ ಎಫ್‌ಕೆಸಿಸಿಐ ಅದರ ಮುಂದುವರಿಕೆ. ಇದರಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಆಳುವವರೇ ಮುಂದಾಗಿ, ವ್ಯಾಪಾರಿಗಳು ಒಟ್ಟಾಗಿ ತಮ್ಮ ಅಹವಾಲು ಹೇಳಿಕೊಳ್ಳಲು ಒಂದು ಸಂಸ್ಥೆ ಬೇಕೆಂದು ಬಯಸಿದರು. ಒಬ್ಬೊಬ್ಬರೇ ದಿವಾನರ ಮನೆ ಬಾಗಿಲಿಗೆ ಬರುವುದರ ಬದಲು ಸಂಘದ ಮೂಲಕ ಬರಲಿ ಎಂಬ ಎಣಿಕೆ ಅದು. 1941ರಲ್ಲಿ ಅಖಿಲ ಭಾರತ ಮಟ್ಟದಲ್ಲಿ ತಯಾರಕರ ಸಂಘಟನೆ ಕಟ್ಟಿದವರೂ ವಿಶ್ವೇಶ್ವರಯ್ಯನವರೇ.

ಸ್ವಾತಂತ್ರ್ಯದ ಬಳಿಕ ಪರ್ಮಿಟ್‌, ಲೈಸೆನ್ಸ್‌ಗಳ ಕಾಲ ಬಂತು. ಕಾರ್ಖಾನೆ ಎಷ್ಟು ತಯಾರಿಸಬೇಕೆಂಬುದಕ್ಕೂ ದೆಹಲಿಯ ಕಾಗದ ಬೇಕಾದಾಗ, ನೀತಿ ಬದಲಿಸಿ ಎಂದು ಬಹಿರಂಗವಾಗಿ ಕೇಳುವುದಕ್ಕಿಂತ ನನಗೊಂದು ಲೈಸೆನ್ಸ್ ಕೊಡಿ ಎಂದು ಗುಟ್ಟಾಗಿ ಕೇಳುವುದೇ ಲಾಭದ ದಾರಿಯಾಯಿತು. ದೊಡ್ಡ ಮನೆತನಗಳು ದೆಹಲಿಯಲ್ಲಿ ಇದಕ್ಕೆಂದೇ ಪ್ರತಿನಿಧಿಗಳನ್ನು ಇಟ್ಟುಕೊಂಡವು. ಆ ಅಭ್ಯಾಸ 1991ರ ಉದಾರೀಕರಣದ ನಂತರವೂ ಬಿಡಲಿಲ್ಲ. ಆದರೂ 1993ರಲ್ಲಿ ಉದ್ಯಮಿ ರಾಹುಲ್ ಬಜಾಜ್ ಮುಂತಾದವರ ‘ಬಾಂಬೆ ಕ್ಲಬ್’ ವಿದೇಶಿ ಕಂಪನಿಗಳ ಎದುರು ಸಮಾನ ಅಂಕಣ ಬೇಕೆಂದು ಕೇಳಿತು. ಉದಾರೀಕರಣ ಬೇಡವೆನ್ನುವ ಸ್ವಾರ್ಥಿಗಳೆಂದು ಅವರನ್ನು ಹೀಯಾಳಿಸಿದವರು ಬಹಳ. ನನಗೆ ಆ ಬೇಡಿಕೆಯಲ್ಲಿ ಅರ್ಧ ನ್ಯಾಯವಿತ್ತು ಅನ್ನಿಸುತ್ತದೆ: ದುಬಾರಿ ಬಡ್ಡಿ, ಕೆಟ್ಟ ರಸ್ತೆ, ಕೈಕೊಡುವ ವಿದ್ಯುತ್ತಿನ ಹೊರೆ ಹೊತ್ತವನಿಗೆ ಸ್ಪರ್ಧೆಗೆ ಮುನ್ನ ಅದನ್ನು ಇಳಿಸಿ ಎನ್ನುವ ಹಕ್ಕಿತ್ತು.

ಗುಟ್ಟಿನ ದಾರಿ ಎಲ್ಲಿಗೆ ಹೋಗುತ್ತದೆಂದು 2010ರಲ್ಲಿ ಕಂಪನಿಗಳ ಪರ ಲಾಬಿ ಮಾಡುತ್ತಿದ್ದ ರಾಡಿಯಾ ಅವರ ಫೋನ್ ಮಾತುಕತೆಯ ಟೇಪುಗಳು ಹೊರಬಂದಾಗ ದೇಶಕ್ಕೆ ತಿಳಿಯಿತು. 2012ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ವಾಲ್‌ಮಾರ್ಟ್ ಗದ್ದಲವೆದ್ದಿತು. ಭಾರತದ ಚಿಲ್ಲರೆ ಮಾರುಕಟ್ಟೆಗೆ ಪ್ರವೇಶವೂ ಸೇರಿದಂತೆ ಹಲವು ವಿಷಯಗಳ ಲಾಬಿಗೆ ಆ ಕಂಪನಿ ಹಣ ಖರ್ಚು ಮಾಡಿದ್ದು ನಮಗೆ ಗೊತ್ತಾದದ್ದು ಅಮೆರಿಕದ ದಾಖಲೆಯಿಂದ. ಅಲ್ಲಿ 1995ರ ಕಾಯ್ದೆಯ ಪ್ರಕಾರ ಲಾಬಿಯ ಖರ್ಚನ್ನು ಬಹಿರಂಗಪಡಿಸಬೇಕು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ನಮ್ಮ ನೀತಿಯ ಮೇಲೆ ಯಾರು ಏನು ಒತ್ತಡ ತಂದರೆಂದು ತಿಳಿಯಲು ಪರದೇಶದ ಕಡತ ತೆರೆಯಬೇಕಾಗಿ ಬಂದದ್ದು ಇವತ್ತಿಗೂ ನಾಚಿಕೆಯ ಸಂಗತಿ.

ಹಣದ ಕಥೆಯೂ ಇದರ ಜೊತೆಗೇ ಬರುತ್ತದೆ. ಟಾಟಾ ಉಕ್ಕು ಕಂಪನಿ ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ಅನುವಾಗುವಂತೆ ತನ್ನ ನಿಯಮಾವಳಿ ತಿದ್ದಲು ಹೊರಟಾಗ, 1957ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅನುಮತಿಯನ್ನೇನೋ ಕೊಟ್ಟರು. ಆದರೆ ಇದು ಪ್ರಜಾಪ್ರಭುತ್ವಕ್ಕೆ ಅಪಾಯ ತಂದೀತು ಎಂದು ಎಚ್ಚರಿಸಿದರು. 60 ವರ್ಷಗಳ ನಂತರ, 2017ರಲ್ಲಿ, ಕಂಪನಿಗಳು ಸರಾಸರಿ ಲಾಭದ ಶೇ 7.5ರಷ್ಟು ಮಾತ್ರ ದೇಣಿಗೆ ಕೊಡಬಹುದೆಂಬ ಮಿತಿಯೇ ಹೋಯಿತು, ಹೆಸರು ಮುಚ್ಚಿಡುವ ಚುನಾವಣಾ ಬಾಂಡ್ ಯೋಜನೆ ಪ್ರಕಟವಾಯಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಎರಡನ್ನೂ ರದ್ದು ಮಾಡಿತು. ಸಾರ್ವಜನಿಕ ಸಭೆಯಲ್ಲಿ ಬಾಯಿ ತೆರೆಯಲು ಅಂಜುವ ಉದ್ಯಮಿ, ಹೆಸರು ಹೇಳದೆ ಕೋಟಿಗಟ್ಟಲೆ ಕೊಡಬಹುದಾಗಿದ್ದ ವ್ಯವಸ್ಥೆಯಲ್ಲಿ ನೀತಿಯ ಚರ್ಚೆ ಹೇಗೆ ಬೆಳೆಯಬೇಕಿತ್ತು?

ಅಂಜಿಕೆ ಸುಳ್ಳಲ್ಲ. 2019ರ ನವೆಂಬರ್ 30ರಂದು ಮುಂಬೈನ ಸಮಾರಂಭವೊಂದರಲ್ಲಿ ಅಮಿತ್ ಶಾ ಅವರ ಎದುರೇ ರಾಹುಲ್ ಬಜಾಜ್, ನಿಮ್ಮನ್ನು ಟೀಕಿಸಲು ಉದ್ಯಮಿಗಳು ಹೆದರುತ್ತಾರೆ ಎಂದರು. ಯಾರೂ ಹೆದರಬೇಕಿಲ್ಲ ಎಂದು ಶಾ ಉತ್ತರಿಸಿದರು. ಬಜಾಜ್ ಅವರಿಗೆ ಆಗ 81 ವರ್ಷ. ಸಾಲದ ಹಂಗಿಲ್ಲದ, ವಯಸ್ಸಾದ, ಹೆಸರಾಂತ ಉದ್ಯಮಿಗೆ ಸಾಧ್ಯವಾದದ್ದು ಬ್ಯಾಂಕಿನ ಓವರ್‌ಡ್ರಾಫ್ಟಿನಲ್ಲಿ ಬದುಕುವ ಪೀಣ್ಯದ ಸಣ್ಣ ಕಾರ್ಖಾನೆಯವನಿಗೆ ಸಾಧ್ಯವಾಗುವುದಿಲ್ಲ. ಚೀನಾದಲ್ಲಂತೂ 2020ರ ಅಕ್ಟೋಬರ್‌ನಲ್ಲಿ ಜಾಕ್ ಮಾ ಶಾಂಘೈನ ವೇದಿಕೆಯಿಂದ ಹಣಕಾಸು ನಿಯಂತ್ರಕರನ್ನು ಟೀಕಿಸಿದರು. ಕೆಲವೇ ದಿನಗಳಲ್ಲಿ ಅವರ ಆ್ಯಂಟ್ ಕಂಪನಿಯ ಷೇರು ಬಿಡುಗಡೆಗೆ ತಡೆ ಬಿತ್ತು. ಆ ಮಟ್ಟಕ್ಕೆ ನಾವು ಹೋಗಿಲ್ಲ. ಹೋಗಬಾರದು ಕೂಡ.

ಉದ್ಯಮದ ಮಾತೆಲ್ಲವೂ ಒಳ್ಳೆಯದೆಂದು ಇದರಿಂದ ತಿಳಿಯಬೇಕಿಲ್ಲ. 1954ರಲ್ಲಿ ಅಮೆರಿಕದ ಸಿಗರೇಟು ಕಂಪನಿಗಳು ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟು, ಜನರ ಆರೋಗ್ಯವೇ ತಮಗೆ ಮುಖ್ಯವೆಂದು ಸಾರಿದವು. ಆಮೇಲೆ ದಶಕಗಳ ಕಾಲ ಸಿಗರೇಟಿನ ಅಪಾಯದ ಬಗ್ಗೆ ಅನುಮಾನ ಬಿತ್ತುತ್ತಲೇ ಬಂದವು. ಅದೂ ಹೆಸರಿಟ್ಟ ಮಾತೇ. ನಮ್ಮಲ್ಲಿ ತಂಬಾಕು ಪೊಟ್ಟಣದ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಹಾಕಬೇಕೆಂಬ ನಿಯಮ 2014ರಲ್ಲಿ ಪ್ರಕಟವಾದರೂ ಜಾರಿಗೆ ಬಂದದ್ದು 2016ರ ಏಪ್ರಿಲ್‌ನಲ್ಲಿ. ನಡುವೆ ಅದನ್ನು ಪರಿಶೀಲಿಸಿದ ಸಂಸದೀಯ ಸಮಿತಿಯ ಸದಸ್ಯರೊಬ್ಬರು ಸ್ವತಃ ಬೀಡಿ ಉದ್ಯಮಿ. ತಂಬಾಕು ಬೆಳೆಗಾರರ, ಬೀಡಿ ಕಟ್ಟುವ ಹೆಣ್ಣುಮಕ್ಕಳ ಕಷ್ಟ ನಿಜವೇ. ಹುಣಸೂರು, ಪಿರಿಯಾಪಟ್ಟಣದ ರೈತನಿಗೂ ಕರಾವಳಿಯ ಬೀಡಿ ಕಾರ್ಮಿಕರಿಗೂ ಬದಲಿ ದಾರಿ ತೋರಿಸದೆ ನಿಯಮ ಮಾಡುವುದು ಅನ್ಯಾಯ. ಆದರೆ ಲಾಭ ಪಡೆಯುವವನೇ ತೀರ್ಪುಗಾರನ ಪೀಠದಲ್ಲಿ ಕೂತಾಗ ಆ ನಿಜವಾದ ಕಷ್ಟದ ಮಾತೂ ಬೆಲೆ ಕಳೆದುಕೊಳ್ಳುತ್ತದೆ.

ಮನಸ್ಸು ಬದಲಿಸಿದ ಉದ್ಯಮವೂ ಉಂಟು. ಓಜೋನ್ ಪದರಕ್ಕೆ ಹಾನಿ ಮಾಡುವ ಸಿಎಫ್‌ಸಿ ಅನಿಲಗಳ ದೊಡ್ಡ ತಯಾರಕ ಡ್ಯುಪಾಂಟ್ ಮೊದಲು ನಿಯಂತ್ರಣಗಳನ್ನು ವಿರೋಧಿಸಿತು. 1986ರಲ್ಲಿ ಅಂತರರಾಷ್ಟ್ರೀಯ ಮಿತಿಯನ್ನು ಬೆಂಬಲಿಸುವುದಾಗಿ ಹೇಳಿತು; ಮರುವರ್ಷ ಮಾಂಟ್ರಿಯಲ್ ಒಪ್ಪಂದವಾಯಿತು. ಬದಲಿ ರಾಸಾಯನಿಕದಲ್ಲಿ ತನಗೇ ಲಾಭವಿದೆಯೆಂಬ ಲೆಕ್ಕ ಅದಕ್ಕಿತ್ತು. ಇರಲಿ. ಸ್ವಾರ್ಥವೂ ಲೋಕಹಿತವೂ ಕೂಡುವ ಜಾಗ ಹುಡುಕುವುದೇ ನೀತಿ ರೂಪಿಸುವವರ ಕೆಲಸ, ಮತ್ತು ಆ ಜಾಗ ಎಲ್ಲಿದೆಯೆಂದು ಮೊದಲು ತಿಳಿಯುವುದು ಆ ಉದ್ಯಮದೊಳಗಿನವರಿಗೇ.

ಈ ಮಾತಿಗೆ ನಮ್ಮ ಕಾಫಿಗಿಂತ ಒಳ್ಳೆಯ ಸಾಕ್ಷಿ ಬೇಡ. 1940ರ ದಶಕದಲ್ಲಿ, ಯುದ್ಧದಿಂದ ಮಾರುಕಟ್ಟೆ ಕುಸಿದಾಗ, ಬೆಳೆಗಾರರನ್ನು ಉಳಿಸಲೆಂದೇ ಕಾಫಿ ಮಂಡಳಿಯ ‘ಪೂಲ್’ ಪದ್ಧತಿ ಬಂತು. ಬೆಳೆದವನು ತನ್ನ ಕಾಫಿಯನ್ನೆಲ್ಲ ಪೂಲ್‌ಗೆ ಒಪ್ಪಿಸಬೇಕಿತ್ತು. ಮಂಡಳಿ ಹರಾಜು ಹಾಕಿ, ಖರ್ಚು ಕಳೆದು, ಹಣವನ್ನು ಕಂತು ಕಂತಾಗಿ ಕೊಡುತ್ತಿತ್ತು. ಆರಂಭದಲ್ಲಿ ಅದು ಆಸರೆಯಾಗಿತ್ತು. ಕಾಲ ಕಳೆದಂತೆ ಉಸಿರು ಕಟ್ಟಿಸತೊಡಗಿತು. ಒಂದು ವರ್ಷದ ಬೆಳೆಯ ಕೊನೆಯ ಕಂತು ಕೈಗೆ ಬರಲು ಬಹಳ ಕಾಲ ಕಾಯಬೇಕಿತ್ತು. ಲೋಕದ ಮಾರುಕಟ್ಟೆಯಲ್ಲಿ ಬೆಲೆ ಏರಿದರೂ ತೋಟದವನಿಗೆ ಅದು ಪೂರ್ತಿ ದಕ್ಕುತ್ತಿರಲಿಲ್ಲ. ತಾನು ಬೆಳೆದ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಒಳ್ಳೆಯ ಗುಣಮಟ್ಟದ ಕಾಫಿ ತೆಗೆಯಬೇಕೆನ್ನುವ ಹುರುಪಿಗೂ ಪೆಟ್ಟು ಬೀಳುತ್ತಿತ್ತು.

ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಸಂಘಗಳು ಇದನ್ನು ಎತ್ತಿ ಆಡುತ್ತಲೇ ಬಂದವು. ಅದು ಸುಲಭದ ಬೇಡಿಕೆಯಾಗಿರಲಿಲ್ಲ. ಪೂಲ್ ಹೋದರೆ ಬೆಲೆ ಬಿದ್ದಾಗ ಹಿಡಿಯುವವರಿಲ್ಲ ಎಂದು ಬೆಳೆಗಾರರಲ್ಲೇ ಹೆದರಿದವರಿದ್ದರು. ತಮಗಿದ್ದ ರಕ್ಷಣೆಯನ್ನೇ ತೆಗೆಯಿರಿ ಎಂದು ಕೇಳಲು ಧೈರ್ಯ ಬೇಕು. 1992ರಲ್ಲಿ ಬೆಳೆಯ ಒಂದು ಭಾಗವನ್ನು ದೇಶದೊಳಗೆ ಸ್ವತಃ ಮಾರಲು ಅವಕಾಶವಾಯಿತು, ಆಮೇಲೆ ಮುಕ್ತ ಮಾರಾಟದ ಪಾಲು ಏರುತ್ತ ಹೋಯಿತು, 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ಪೂರ್ತಿ ಸ್ವತಂತ್ರರಾದರು. ನಂತರದ ಕೆಲವೇ ವರ್ಷಗಳಲ್ಲಿ ಜಾಗತಿಕ ಬೆಲೆ ಕುಸಿದು ಮಲೆನಾಡಿನ ಎಷ್ಟೋ ಕುಟುಂಬಗಳು ಸಾಲಕ್ಕೆ ಬಿದ್ದದ್ದೂ ನಿಜ. ಎಚ್ಚರಿಸಿದವರ ಮಾತೂ ಸುಳ್ಳಾಗಲಿಲ್ಲ, ಬಿಡುಗಡೆ ಕೇಳಿದವರ ಮಾತೂ ಸುಳ್ಳಾಗಲಿಲ್ಲ. ಎರಡೂ ಬೆಳೆಗಾರರ ನಡುವೆಯೇ ಬಹಿರಂಗವಾಗಿ ಚರ್ಚೆಯಾಗಿದ್ದವು, ಬದಲಾವಣೆಯೂ ಮೆಟ್ಟಿಲು ಮೆಟ್ಟಿಲಾಗಿ ಬಂತು. ತೋಟದ ಬದುಕು ಗೊತ್ತಿಲ್ಲದ ಅಧಿಕಾರಿ ಒಬ್ಬನೇ ಕೂತು ಅದನ್ನು ರೂಪಿಸಲು ಆಗುತ್ತಿರಲಿಲ್ಲ.

ಬಹಿರಂಗ ಚರ್ಚೆಗೆ ಕಾನೂನಿನ ಕಟ್ಟುಪಾಡು ಇದ್ದರೆ ಏನಾಗುತ್ತದೆಂದು ಟ್ರಾಯ್ ತೋರಿಸಿಕೊಟ್ಟಿದೆ. ದೂರಸಂಪರ್ಕದ ಈ ಪ್ರಾಧಿಕಾರ ಪಾರದರ್ಶಕವಾಗಿ ನಡೆಯಬೇಕೆಂದು 1997ರ ಅದರ ಕಾಯ್ದೆಯೇ ಹೇಳುತ್ತದೆ. ನಿಯಮ ಮಾಡುವ ಮುನ್ನ ಅದು ಪ್ರಶ್ನೆಗಳಿರುವ ಸಮಾಲೋಚನಾ ಪತ್ರ ಹೊರಡಿಸುತ್ತದೆ. ಕಂಪನಿಗಳು, ಬಳಕೆದಾರರು, ಯಾರು ಬೇಕಾದರೂ ಉತ್ತರ ಬರೆಯಬಹುದು. ಆ ಉತ್ತರಗಳೂ ಅವಕ್ಕೆ ಬಂದ ಎದುರುತ್ತರಗಳೂ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತವೆ. ಆಮೇಲೆ ಮುಕ್ತ ಸಭೆ. ಕೊನೆಗೆ ನಿಯಮ ಬರುವಾಗ ಯಾರ ವಾದ ಏಕೆ ಒಪ್ಪಿತವಾಯಿತು, ಏಕೆ ಆಗಲಿಲ್ಲ ಎಂಬ ವಿವರಣೆ ಜೊತೆಗಿರುತ್ತದೆ.

2015ರಲ್ಲಿ ಅಂತರ್ಜಾಲ ಸಮಾನತೆಯ ಪ್ರಶ್ನೆ ಬಂದಾಗ ಈ ವ್ಯವಸ್ಥೆಯ ಬಲ ಕಂಡಿತು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಟ್ರಾಯ್‌ಗೆ ಹೋದವು. ಕಂಪನಿಗಳು ಹಣ ಕೊಟ್ಟರೆ ಅವುಗಳ ಆ್ಯಪ್ ಬಳಕೆದಾರರಿಗೆ ಉಚಿತವಾಗುವ ಏರ್‌ಟೆಲ್ ಝೀರೊ ಯೋಜನೆಯ ಬಗ್ಗೆ ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊದಲು ಮಾತುಕತೆಯಲ್ಲಿತ್ತು. ಜನರ ಟೀಕೆ ಬಂದ ಮೇಲೆ ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು. ಅನೇಕ ಸ್ಟಾರ್ಟ್‌ಅಪ್ ಸ್ಥಾಪಕರು, ದೊಡ್ಡ ಕಂಪನಿಗಳು ಹಣ ಕೊಟ್ಟು ದಾರಿ ಕೊಂಡರೆ ನಾಳೆ ಹುಟ್ಟುವ ಸಣ್ಣವರಿಗೆ ಬಾಗಿಲು ಮುಚ್ಚುತ್ತದೆ ಎಂದು ತಮ್ಮ ಹೆಸರಿನಲ್ಲೇ ವಾದಿಸಿದರು. ಫೇಸ್‌ಬುಕ್, ಆಯ್ದ ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ತನ್ನ ಫ್ರೀ ಬೇಸಿಕ್ಸ್ ಪರವಾಗಿ ಬಳಕೆದಾರರ ಮೂಲಕ ಸಿದ್ಧ ಪತ್ರಗಳನ್ನು ರಾಶಿ ರಾಶಿಯಾಗಿ ಕಳಿಸಿತು. ಅವು ಸಮಾಲೋಚನಾ ಪತ್ರದಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತಿಲ್ಲ ಎಂದು ಟ್ರಾಯ್ ನೇರವಾಗಿ ಹೇಳಿತು. 2016ರ ಫೆಬ್ರವರಿ 8ರಂದು ಭೇದಭಾವದ ದರಗಳಿಗೆ ನಿಷೇಧ ಬಂತು. ಎಷ್ಟು ಜನ ಕೂಗಿದರು ಎಂಬುದಕ್ಕಿಂತ ಏನು ವಾದಿಸಿದರು ಎಂಬುದನ್ನು ತೂಗುವ ತಕ್ಕಡಿ ಅಲ್ಲಿತ್ತು.

ಈ ಹಿನ್ನೆಲೆಯಿಟ್ಟುಕೊಂಡು 2024ರ ಬೇಸಿಗೆ ಕಳೆದ ನಂತರದ ಕರ್ನಾಟಕವನ್ನು ನೋಡಬೇಕು. ಕೆಲವೇ ವಾರಗಳ ಅಂತರದಲ್ಲಿ ಮೂರು ಕರಡುಗಳು ಮೂರು ಬಗೆಯಲ್ಲಿ ನಮ್ಮೆದುರು ಬಂದವು.

ಎಲ್ಲಕ್ಕಿಂತ ಹೆಚ್ಚು ಗದ್ದಲ ಎಬ್ಬಿಸಿದ್ದು ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆ. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಎಂಬ ಮಸೂದೆಯನ್ನು ಜುಲೈ ಮಧ್ಯದಲ್ಲಿ ಸಚಿವ ಸಂಪುಟ ಒಪ್ಪಿತು. ಉದ್ಯಮಿಗಳು ಎಕ್ಸ್‌ನಲ್ಲಿ ಮುಗಿಬಿದ್ದರು. ಮೋಹನದಾಸ್ ಪೈ ಕಟುವಾಗಿ ಖಂಡಿಸಿದರು. ಸ್ಥಳೀಯರಿಗೆ ಕೆಲಸ ಸಿಗಬೇಕು, ಆದರೆ ಹೆಚ್ಚಿನ ಕೌಶಲದ ಹುದ್ದೆಗಳಿಗೆ ವಿನಾಯಿತಿ ಬೇಕು ಎಂದು ಕಿರಣ್ ಮಜುಂದಾರ್ ಷಾ ಹೇಳಿದರು. ಐಟಿ ಕಂಪನಿಗಳ ಸಂಘಟನೆ ನಾಸ್ಕಾಂ ಮಸೂದೆಯನ್ನು ಹಿಂಪಡೆಯಲು ಕೋರಿತು. ಆಂಧ್ರದ ಸಚಿವ ನಾರಾ ಲೋಕೇಶ್ ಕಂಪನಿಗಳನ್ನು ತಮ್ಮಲ್ಲಿಗೆ ಕರೆದರು. ಜುಲೈ 17ಕ್ಕೆ ಮಸೂದೆಗೆ ತಡೆ ಬಿತ್ತು.

ಕಾನೂನಿನ ದೃಷ್ಟಿಯಿಂದ ಮಸೂದೆ ದುರ್ಬಲವಾಗಿತ್ತು. ಹರಿಯಾಣದ ಇಂಥದ್ದೇ ಶೇ 75ರ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತ್ತು. ಆದರೂ ಆ ಎರಡು ದಿನಗಳ ಗೆಲುವು ನನಗೆ ಸಮಾಧಾನ ತರಲಿಲ್ಲ. ಕನ್ನಡಿಗರಿಗೆ ಉದ್ಯೋಗ ಕುರಿತ ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂದಾಗಿನಿಂದಲೂ ಕನ್ನಡಿಗರು ಕೇಳುತ್ತಿರುವ ಪ್ರಶ್ನೆ ಒಂದೇ: ನಮ್ಮ ನೆಲ, ನಮ್ಮ ನೀರು, ನಮ್ಮ ರಿಯಾಯಿತಿ ಪಡೆದ ಕಾರ್ಖಾನೆಯಲ್ಲಿ ನಮ್ಮ ಮಕ್ಕಳಿಗೆ ಎಷ್ಟು ಕೆಲಸ? ಮಸೂದೆಯನ್ನು ನಿಲ್ಲಿಸಿದ ಉದ್ಯಮಿಗಳು ಅದೇ ವಾರ ಈ ಲೆಕ್ಕವನ್ನು ಮುಂದಿಡಬಹುದಿತ್ತು. ಯಾವ ಹುದ್ದೆಗಳಲ್ಲಿ ಕನ್ನಡಿಗರು ಎಷ್ಟಿದ್ದಾರೆ, ಎಲ್ಲಿ ಕಡಿಮೆ, ಏಕೆ ಕಡಿಮೆ, ರಾಯಚೂರು, ಕಲಬುರಗಿಯ ಪಾಲಿಟೆಕ್ನಿಕ್ ಹುಡುಗನನ್ನು ಆ ಹುದ್ದೆಗೆ ತಯಾರು ಮಾಡಲು ತಾವು ಏನು ಮಾಡಬಲ್ಲೆವು ಎಂದು ಹೇಳಬಹುದಿತ್ತು. ಬೇಡ ಎಂದು ಹೇಳುವುದಷ್ಟೇ ಆಯಿತು. ಪ್ರಶ್ನೆ ಇದ್ದಲ್ಲೇ ಇದೆ, ಇನ್ನಷ್ಟು ಸಿಟ್ಟಿನಿಂದ ಮತ್ತೆ ಬರುತ್ತದೆ.

ಅದೇ ತಿಂಗಳು ಇನ್ನೊಂದು ಸುದ್ದಿ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಐಟಿ ನೌಕರರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಇದೆಯೆಂದು ಐಟಿ ನೌಕರರ ಸಂಘಟನೆ ಕೆಐಟಿಯು ಬಹಿರಂಗಪಡಿಸಿತು. 14 ಗಂಟೆಯ ದಿನ ಎಂದು ಪತ್ರಿಕೆಗಳು ಬರೆದವು. ಇದು ಸರ್ಕಾರದ ಯೋಚನೆಯಲ್ಲ, ಉದ್ಯಮದ ಒತ್ತಡ; ಬೇಕೆನ್ನುವ ಉದ್ಯಮದ ಮುಖ್ಯಸ್ಥರು ಬಹಿರಂಗವಾಗಿ ಚರ್ಚಿಸಲಿ ಎಂಬರ್ಥದಲ್ಲಿ ಕಾರ್ಮಿಕ ಸಚಿವ ಸಂತೋಷ್ ಲಾಡ್ ಮಾತಾಡಿದರು. ನಾವು ಅಂಥದ್ದನ್ನು ಕೇಳಿಲ್ಲ ಎಂದು ನಾಸ್ಕಾಂ ಸ್ಪಷ್ಟಪಡಿಸಿತು. ಹಾಗಾದರೆ ಕೇಳಿದವರು ಯಾರು? ಲಕ್ಷಾಂತರ ನೌಕರರ ಹಗಲು ರಾತ್ರಿಯನ್ನು ಮುಟ್ಟುವ ಪ್ರಸ್ತಾವಕ್ಕೆ ಒಡೆಯನೇ ಇರಲಿಲ್ಲ. ಸಚಿವರು ಅಂದು ಕೇಳಿದ್ದು ಸರಿಯಾದುದನ್ನೇ. ಹಾಡಹಗಲು ಸಮರ್ಥಿಸಲಾಗದ ಬೇಡಿಕೆಯನ್ನು ಉದ್ಯಮ ಸರ್ಕಾರದ ಮುಂದಿಡಬಾರದು.

ಮೂರನೆಯದು ಗಿಗ್ ಕಾರ್ಮಿಕರ ಮಸೂದೆ, ಮತ್ತು ಇಲ್ಲಿ ಸರ್ಕಾರವನ್ನು ಮೆಚ್ಚಬೇಕು. 2024ರ ಜೂನ್ 29ರಂದು ಕರಡನ್ನು ಪ್ರಕಟಿಸಿ ಸಲಹೆ, ಆಕ್ಷೇಪಣೆ ಕೇಳಿದರು. ಕಾಲಾವಕಾಶ ತೀರಾ ಕಡಿಮೆಯಾಗಿತ್ತು ನಿಜ. ಕಾನೂನು ತರುವ ಮುನ್ನ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು ಕೇಂದ್ರ 2014ರಲ್ಲೇ ತನ್ನ ಇಲಾಖೆಗಳಿಗೆ ಹೇಳಿದೆ. ರಾಜ್ಯವೂ ಅಷ್ಟಾದರೂ ಕೊಡಬಹುದಿತ್ತು. ಆದರೂ ಊಟ ತಲುಪಿಸುವ ಹುಡುಗರ, ಕ್ಯಾಬ್ ಚಾಲಕರ ಸಂಘಗಳು ಬರೆದವು, ಕಂಪನಿಗಳ ಸಂಘಟನೆಗಳೂ ಬರೆದವು. ಶುಲ್ಕದ ಹೊರೆ, ಕೆಲಸದಿಂದ ತೆಗೆಯುವ ಮುನ್ನ ನೋಟಿಸು, ಆ್ಯಪ್ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆಂಬ ಮಾಹಿತಿ ಹೀಗೆ ಒಂದೊಂದು ಅಂಶದ ಮೇಲೆ ವಾದ ನಡೆಯಿತು. 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ಬಂತು: ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಕಂಪನಿಗಳಿಗೆ ಬೇಕಾದುದೆಲ್ಲ ಸಿಗಲಿಲ್ಲ, ಕಾರ್ಮಿಕರಿಗೂ ಸಿಗಲಿಲ್ಲ. ಯಾರೂ ತಮ್ಮ ಮಾತು ಆಡಲು ಕದ್ದುಮುಚ್ಚಿ ಹೋಗಬೇಕಾಗಲಿಲ್ಲ.

ಬೆಂಗಳೂರಿನ ರಸ್ತೆಗಳ ವಿಷಯದಲ್ಲಿ ಉದ್ಯಮದ ದನಿ ಎಲ್ಲಕ್ಕಿಂತ ಜೋರು. 1999ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ನಂದನ್ ನಿಲೇಕಣಿ ನೇತೃತ್ವದಲ್ಲಿ ರಚಿಸಿದ ಬೆಂಗಳೂರು ಅಜೆಂಡಾ ಕಾರ್ಯಪಡೆ ಪಾಲಿಕೆ, ಜಲಮಂಡಳಿ, ಬಿಡಿಎಗಳ ಮುಖ್ಯಸ್ಥರನ್ನು ವೇದಿಕೆಗೆ ಕರೆದು, ಏನು ಮಾಡುತ್ತೀರೆಂದು ಮಾತು ಪಡೆದು, ಮುಂದಿನ ಸಭೆಯಲ್ಲಿ ಜನರೆದುರೇ ಲೆಕ್ಕ ಕೇಳುವ ಪದ್ಧತಿ ತಂದಿತು. 2000ದಲ್ಲಿ ಬಂದ ಆಸ್ತಿ ತೆರಿಗೆಯ ಸ್ವಯಂ ಘೋಷಣೆ ಆ ಕಾಲದ ಒಳ್ಳೆಯ ಫಲ. 2004ರಲ್ಲಿ ಸರ್ಕಾರ ಬದಲಾದಾಗ ಕಾರ್ಯಪಡೆ ಮರೆಯಾಯಿತು. ಚುನಾಯಿತರಲ್ಲದವರು ನಗರದ ಭವಿಷ್ಯ ಬರೆಯುತ್ತಿದ್ದಾರೆ, ಕಾರ್ಪೊರೇಟರ್‌ಗಳಿಗೂ ಕೊಳೆಗೇರಿಯ ನಿವಾಸಿಗಳಿಗೂ ಅಲ್ಲಿ ಜಾಗವಿಲ್ಲ ಎಂಬ ಟೀಕೆಗೆ ಅದು ಉತ್ತರ ಕಂಡುಕೊಂಡಿರಲಿಲ್ಲ. ಒಬ್ಬ ಮುಖ್ಯಮಂತ್ರಿಯ ವಿಶ್ವಾಸದ ಮೇಲೆ ನಿಂತದ್ದು ಆತನ ಜೊತೆಗೇ ಹೋಯಿತು. 2005ರಲ್ಲಿ ದೇವೇಗೌಡರ ಟೀಕೆಯ ನಂತರ ನಾರಾಯಣ ಮೂರ್ತಿ ವಿಮಾನ ನಿಲ್ದಾಣ ಕಂಪನಿಯ ಅಧ್ಯಕ್ಷತೆ ಬಿಟ್ಟರು. ಅಲ್ಲಿಂದ ಮುಂದೆ ಉದ್ಯಮ ಮತ್ತು ರಾಜಕಾರಣದ ನಡುವಿನ ಮಾತು ಒರಟಾಗುತ್ತಲೇ ಬಂತು.

2022ರ ಮಳೆಯಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಅಲ್ಲಿನ ಕಂಪನಿಗಳ ಸಂಘ, ಒಂದೇ ದಿನ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರಿಗೆ ಪತ್ರ ಬರೆಯಿತು. ಪತ್ರದಲ್ಲಿ ಅಂಕಿಯಿತ್ತು, ಬೇಡಿಕೆಗಳ ಪಟ್ಟಿಯಿತ್ತು, ಒಳ್ಳೆಯದೇ. ಕೆಲವೇ ದಿನಗಳಲ್ಲಿ ರಾಜಕಾಲುವೆ ಒತ್ತುವರಿಯ ಬಿಬಿಎಂಪಿ ಪಟ್ಟಿಯಲ್ಲಿ ಟೆಕ್ ಪಾರ್ಕುಗಳ ಹೆಸರುಗಳೂ ಕಂಡವು. ನೀರು ನಿಲ್ಲುವುದಕ್ಕೆ ತಮ್ಮ ಕಟ್ಟಡಗಳ ಪಾಲೆಷ್ಟು, ಅದನ್ನು ತೆರವು ಮಾಡಲು ತಾವು ಸಿದ್ಧರೇ ಎಂಬ ಒಂದು ಪ್ಯಾರಾ ಆ ಪತ್ರದಲ್ಲಿ ಇದ್ದಿದ್ದರೆ ಬೆಳ್ಳಂದೂರಿನ ಗುಡಿಸಲಿನವರೂ ಅದನ್ನು ತಮ್ಮ ಪತ್ರವೆಂದು ತಿಳಿಯುತ್ತಿದ್ದರು.

2025ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಂಪನಿಯೊಂದರ ಮುಖ್ಯಸ್ಥರು ಗುಂಡಿ, ಧೂಳು, ಗಂಟೆಗಟ್ಟಲೆ ಪ್ರಯಾಣದಿಂದ ಬೇಸತ್ತು ಕಚೇರಿ ಖಾಲಿ ಮಾಡುವುದಾಗಿ ಬರೆದರು. ಬೆದರಿಕೆಗೆ ಮಣಿಯುವುದಿಲ್ಲ ಎಂಬ ಧಾಟಿಯ ಉತ್ತರ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರಿಂದ ಬಂತು. ಅದೇ ತಿಂಗಳು ಮುಖ್ಯಮಂತ್ರಿ ಸಿದ್ದರಾಮಯ್ಯ, ವಿಪ್ರೊದ ಸರ್ಜಾಪುರ ರಸ್ತೆಯ ಆವರಣದೊಳಗೆ ವಾಹನಗಳಿಗೆ ದಾರಿ ಬಿಡಿ ಎಂದು ಅಜೀಂ ಪ್ರೇಮ್‌ಜಿ ಅವರಿಗೆ ಪತ್ರ ಬರೆದರು. ಪ್ರೇಮ್‌ಜಿ ಸೌಜನ್ಯದಿಂದಲೇ ಆಗುವುದಿಲ್ಲ ಎಂದರು: ಇದು ಷೇರುಪೇಟೆಯ ಕಂಪನಿಯೊಂದರ ಖಾಸಗಿ ಆಸ್ತಿ, ವಿಶೇಷ ಆರ್ಥಿಕ ವಲಯವಾದ್ದರಿಂದ ಪ್ರವೇಶದ ಮೇಲೆ ಕಟ್ಟುನಿಟ್ಟಿನ ನಿಯಮಗಳಿವೆ, ಇದು ಬಹುಕಾಲದ ಪರಿಹಾರವೂ ಅಲ್ಲ. ಅಷ್ಟಕ್ಕೇ ನಿಲ್ಲಿಸದೆ, ಹೊರವರ್ತುಲ ರಸ್ತೆಯ ದಟ್ಟಣೆಯ ಬಗ್ಗೆ ತಜ್ಞರಿಂದ ವೈಜ್ಞಾನಿಕ ಅಧ್ಯಯನ ಮಾಡಿಸೋಣ, ಅದರ ಖರ್ಚಿನ ಗಣನೀಯ ಪಾಲು ವಿಪ್ರೊ ಹೊರುತ್ತದೆ ಎಂದರು. ಎರಡೂ ಪತ್ರಗಳು ಜನರ ಕಣ್ಣಿಗೆ ಬಿದ್ದವು. ದಾರಿ ಸಿಗದ ಪ್ರಯಾಣಿಕನಿಗೆ ಅದರಿಂದ ತಕ್ಷಣ ಏನೂ ದಕ್ಕಲಿಲ್ಲ, ಪ್ರೇಮ್‌ಜಿ ದಾರಿ ಬಿಡಬೇಕಿತ್ತು ಎನ್ನುವವರೂ ಇದ್ದಾರೆ. ಆದರೂ ಮನವಿ, ನಿರಾಕರಣೆ, ಕಾರಣ, ಬದಲಿ ಸಲಹೆ ಎಲ್ಲವೂ ಕಾಗದದ ಮೇಲೆ ಬಂದ ಈ ಪತ್ರ ವ್ಯವಹಾರ ಎಕ್ಸ್‌ನ ಎಷ್ಟೋ ಜಗಳಗಳಿಗಿಂತ ಮೇಲು.

ಇಲ್ಲಿಯವರೆಗೆ ಹೇಳಿದ್ದೆಲ್ಲ ದೊಡ್ಡವರ ಕಥೆ. ಪ್ರೇಮ್‌ಜಿ ಅವರಿಗೆ ಮುಖ್ಯಮಂತ್ರಿಯೇ ಪತ್ರ ಬರೆಯುತ್ತಾರೆ. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವನಿಗೆ ಬರುವುದು ನೋಟಿಸು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು, ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಯ ಮಿತಿ ದಾಟಿದವರಿಗೆ ಹಿಂದಿನ ವರ್ಷಗಳ ಜಿಎಸ್‌ಟಿ ಕೇಳಿತು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವರಿಗೂ ಲಕ್ಷಗಟ್ಟಲೆಯ ನೋಟಿಸುಗಳು ಹೋದವು. ಅಂಗಡಿಗಳಲ್ಲಿ ಕ್ಯೂಆರ್ ಹಲಗೆಗಳು ಮಾಯವಾಗಿ ನಗದು ಮಾತ್ರ ಎಂಬ ಚೀಟಿಗಳು ಬಂದವು. ಬಂದ್‌ಗೆ ಕರೆ ಹೋಯಿತು. ಜುಲೈ 23ರಂದು ಮುಖ್ಯಮಂತ್ರಿ ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆದು ಮಾತಾಡಿ, ಹಳೆಯ ಬಾಕಿಯ ವಸೂಲಿಗೆ ಒತ್ತಾಯಿಸುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಬಂದ್ ನಿಂತಿತು.

ಒಳ್ಳೆಯದಾಯಿತು. ಆದರೆ ಆ ಸಭೆ ನೋಟಿಸಿಗಿಂತ ಮೊದಲು ಏಕೆ ನಡೆಯಲಿಲ್ಲ? ಬೀದಿಗೆ ಇಳಿಯದಿದ್ದರೆ ಸಣ್ಣವನ ಮಾತು ವಿಧಾನಸೌಧ ಮುಟ್ಟುವುದಿಲ್ಲವೆಂಬ ಪಾಠವನ್ನು ಸರ್ಕಾರವೇ ಕಲಿಸಿದಂತಾಗುತ್ತದೆ. ಬಜೆಟ್ ಪೂರ್ವಭಾವಿ ಸಭೆಗೆ ಎಫ್‌ಕೆಸಿಸಿಐ, ಕಾಸಿಯಾ ಮುಂತಾದ ಸಂಘಗಳು ಪ್ರತಿವರ್ಷ ಹೋಗಿ ಮನವಿ ಕೊಡುತ್ತವೆ. ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಮನವಿಯಲ್ಲಿದ್ದ ಅಂಶಗಳಲ್ಲಿ ಯಾವುದು ಒಪ್ಪಿಗೆಯಾಯಿತು, ಯಾವುದು ಆಗಲಿಲ್ಲ, ಏಕೆ ಎಂಬ ಉತ್ತರ ಬರುವುದಿಲ್ಲ. ರಾಜ್ಯಪತ್ರದಲ್ಲಿ ಕರಡು ನಿಯಮ ಪ್ರಕಟವಾಗಿ ಆಕ್ಷೇಪಣೆಗೆ ದಿನ ನಿಗದಿಯಾಗುವುದುಂಟು. ಆಕ್ಷೇಪಣೆಗಳು ಅಧೀನ ಕಾರ್ಯದರ್ಶಿಯ ಮೇಜು ಸೇರುತ್ತವೆ; ಅಂತಿಮ ಅಧಿಸೂಚನೆಯಲ್ಲಿ ‘ಸ್ವೀಕರಿಸಿದ ಆಕ್ಷೇಪಣೆ ಮತ್ತು ಸಲಹೆಗಳನ್ನು ಪರಿಗಣಿಸಲಾಗಿದೆ’ ಎಂಬ ಒಂದು ಸಾಲು ಮಾತ್ರ ಇರುತ್ತದೆ.

ಆ ಒಂದು ಸಾಲಿನ ಜಾಗದಲ್ಲಿ ಯಾರು ಏನು ಹೇಳಿದರು, ಸರ್ಕಾರ ಏನೆಂದಿತು ಎಂಬ ಪಟ್ಟಿ ಕನ್ನಡದಲ್ಲಿ ಬರಬೇಕು. ಇದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ವಾಣಿಜ್ಯ ಸಂಘಗಳೂ ತಾವು ಸಚಿವರಿಗೆ ಕೊಟ್ಟ ಪ್ರತಿ ಮನವಿಯನ್ನು, ಅದನ್ನು ಕೇಳಿದ ಸದಸ್ಯ ಕಂಪನಿಗಳ ಹೆಸರಿನ ಸಮೇತ, ಅದೇ ದಿನ ಪ್ರಕಟಿಸಬೇಕು. ಗಿಗ್ ಕಾರ್ಮಿಕರ ಕಾಯ್ದೆಯ ಕಲ್ಯಾಣ ಮಂಡಳಿಯಲ್ಲಿ ಕಂಪನಿಗಳ ಮತ್ತು ಕಾರ್ಮಿಕರ ಪ್ರತಿನಿಧಿಗಳಿಗೆ ಅಕ್ಕಪಕ್ಕದಲ್ಲಿ ಸ್ಥಾನವಿದೆ. ಶುಲ್ಕ ಎಷ್ಟಿರಬೇಕು, ಅಪಘಾತವಾದ ಹುಡುಗನಿಗೆ ಎಷ್ಟು ದಿನದಲ್ಲಿ ಹಣ ಸಿಗಬೇಕು ಎಂದು ಅಲ್ಲಿ ಯಾರು ಏನು ವಾದಿಸಿದರೆಂಬ ನಡಾವಳಿಯನ್ನು ಪ್ರತಿ ಸಭೆಯ ನಂತರ ಪ್ರಕಟಿಸುವುದರಿಂದ ಈ ಕೆಲಸ ಶುರುವಾಗಲಿ.